ಆರುನೂರು ಡಾಲರಿಗೊಂದು ಹೆಸರು

2024ರ ಜುಲೈ 19ರಂದು ಅಮೆರಿಕದಲ್ಲಿ ‘ಇಎ ಸ್ಪೋರ್ಟ್ಸ್ ಕಾಲೇಜ್ ಫುಟ್‌ಬಾಲ್ 25’ ಅನ್ನುವ ವಿಡಿಯೊ ಗೇಮ್ ಮಾರಾಟಕ್ಕೆ ಬಂತು. ಮೊದಲು ಆಡಿದವರು ಏನೆಂದರು ಅಂತ ಗಮನಿಸಿದರೆ ಒಂದು ಸೋಜಿಗ. ಅವರು ಆಟ ಹೇಗಿದೆ ಅಂತ ನೋಡಿದ್ದು ಆಮೇಲೆ. ಮೊದಲು ನೋಡಿದ್ದು ತಮ್ಮ ಕಾಲೇಜಿನ ಸ್ಟೇಡಿಯಂ ಇದ್ದ ಹಾಗೇ ಇದೆಯೋ ಇಲ್ಲವೋ, ತಂಡ ಮೈದಾನಕ್ಕೆ ಓಡಿ ಬರುವಾಗ ಬ್ಯಾಂಡಿನವರು ತಮ್ಮದೇ ಹಾಡು ನುಡಿಸುತ್ತಾರೋ ಇಲ್ಲವೋ ಎಂಬುದನ್ನು.

ನನ್ನ ಮಗನೂ ಅಷ್ಟೇ. ಅವನು ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡಿದವನು, ಈಗ ಸಿಯಾಟಲ್‌ನಲ್ಲಿ ನೌಕರಿ. ಆ ವರ್ಷ ನವರಂಗಪುರದ ನಮ್ಮ ಫ್ಲ್ಯಾಟಿಗೆ ರಜೆಗೆ ಬಂದಾಗ ಪ್ಲೇಸ್ಟೇಷನ್ನನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದಿದ್ದ. “ಅಪ್ಪಾ, ವಾಲ್ಯೂಮ್ ಏರಸ್ತೀನಿ, ಕೇಳ್ರಿ. ಇದು ನಮ್ಮ ಗ್ರೌಂಡಿನ ಸಪ್ಪಳ” ಅಂದ. ನನಗೆ ಕೇಳಿಸಿದ್ದು ಬರೀ ಗದ್ದಲ. ಅವನ ಮುಖ ನೋಡಿದ ಮೇಲೆ ಸುಮ್ಮನೆ ಕೂತೆ.

ಇದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಬಂದವರನ್ನು ಗುದ್ದಿ ಕೆಡಹುವ ಆಟ. ಕಾಲೇಜು ಹುಡುಗರ ಪಂದ್ಯಕ್ಕೆ ಆಸ್ಟಿನ್ನಿನಲ್ಲಿ ಸುಮಾರು 1 ಲಕ್ಷ ಜನ ಸೇರುತ್ತಾರೆ. ಹಿಂದಿನ ಗೇಮ್ ಬಂದದ್ದು 2013ರ ಜುಲೈನಲ್ಲಿ, ಇವನು ಅಲ್ಲಿ ವಿದ್ಯಾರ್ಥಿಯಾಗಿದ್ದಾಗ. ನಡುವೆ 11 ವರ್ಷ ಏನೂ ಇಲ್ಲ. ಅಷ್ಟು ಕಾದವರು ಮೊದಲ ವಾರ ಹೊಗಳದೆ ಇನ್ನೇನು ಮಾಡ್ತಾರೆ?

ಆದರೂ ಹೊಗಳಿಕೆಯಲ್ಲಿ ಹುರುಳಿದೆ. ಎದುರಾಳಿಯ ಊರಿಗೆ ಹೋಗಿ ಆಡುವಾಗ ಅಲ್ಲಿನ ಜನರ ಕೂಗಿಗೆ ಪರದೆಯೇ ನಡುಗುತ್ತದೆ. ಯಾರು ಎತ್ತ ಓಡಬೇಕೆಂದು ತೋರಿಸುವ ಗೆರೆಗಳು ಸೊಟ್ಟಸೊಟ್ಟಗಾಗುತ್ತವೆ. ಇದನ್ನು ಯೋಚಿಸಿದವನು ಪರಊರಲ್ಲಿ ಬಾಳಿದವನೇ ಇರಬೇಕು. ಗುಜರಾತಿ ಬಾರದ ಹೊಸ ಆಫೀಸರ್ ಸೋಮವಾರ ಬೆಳಿಗ್ಗೆ ಅಹಮದಾಬಾದಿನ ಬ್ಯಾಂಕ್ ಕೌಂಟರಿನ ಹಿಂದೆ ಕೂತರೆ ಅವನಿಗೂ ಲೆಡ್ಜರಿನ ಗೆರೆ ಹೀಗೇ ಕಾಣುತ್ತವೆ. ನಾನು ಕೂತವನು, ಹೇಳ್ತಿದ್ದೇನೆ.

ದೂರುಗಳೂ ಬಂದವು. ಮೆನು ನಿಧಾನ, ಬೇಕಾದ್ದು ಬೇಗ ಸಿಗುವುದಿಲ್ಲ. ಒಬ್ಬನೇ ಆಟಗಾರನಾಗಿ ಆಡುವ ಬಗೆಯಲ್ಲಿ ಐದೇ ಸ್ಥಾನಗಳ ಆಯ್ಕೆ. ನಿಜವಾದ ಆಟಗಾರರ ವಿವರ ತಿದ್ದುವ ಹಾಗಿಲ್ಲ. 70 ಡಾಲರ್ ಕೊಟ್ಟವರು ಕೇಳುವುದು ನ್ಯಾಯವೇ. ಆದರೆ ನನ್ನ ತಕರಾರು ಬೇರೆ, ಅದು ಹೆಸರಿನದು.

ಹಳೆಯ ಗೇಮುಗಳಲ್ಲಿ ಹುಡುಗರ ಹೆಸರೇ ಇರಲಿಲ್ಲ. ಅಂಗಿಯ ನಂಬರು, ಎತ್ತರ, ಮೈಕಟ್ಟು ಎಲ್ಲಾ ಅವರದೇ. ಹೆಸರು ಮಾತ್ರ ಖಾಲಿ. ವಿದ್ಯಾರ್ಥಿ ಆಟಗಾರರು ದುಡ್ಡು ಮುಟ್ಟಬಾರದು ಅನ್ನುವುದು ಆಗ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ನಿಯಮ. ಹಾಗಾಗಿ ದುಡ್ಡು ಮುಟ್ಟಿದವರು ಉಳಿದವರೆಲ್ಲ. 2009ರಲ್ಲಿ ಫುಟ್‌ಬಾಲಿನ ಸ್ಯಾಮ್ ಕೆಲರ್, ಬ್ಯಾಸ್ಕೆಟ್‌ಬಾಲಿನ ಎಡ್ ಓಬ್ಯಾನನ್ ಕೋರ್ಟಿಗೆ ಹೋದರು. ಗೇಮುಗಳ ಲೆಕ್ಕಕ್ಕೆ ಕಂಪನಿ ಮತ್ತು ಎನ್‌ಸಿಎಎ ಕಡೆಯವರು ಕೊನೆಗೆ ಒಟ್ಟು 6 ಕೋಟಿ ಡಾಲರ್ ಕೊಟ್ಟು ರಾಜಿಯಾದರು, ಗೇಮೂ ನಿಂತಿತು. ಹೆಸರಿನಿಂದ ಆಟಗಾರ ಸಂಪಾದಿಸಬಹುದು ಎಂದಾದದ್ದು 2021ರ ಜುಲೈನಲ್ಲಿ.

ಹೊಸ ಗೇಮಿಗೆ ಹೆಸರು ಕೊಟ್ಟ ಪ್ರತಿ ಹುಡುಗನಿಗೆ 600 ಡಾಲರ್, ಜೊತೆಗೆ ಗೇಮಿನ ಒಂದು ಪ್ರತಿ. 10 ಸಾವಿರಕ್ಕೂ ಹೆಚ್ಚು ಜನ ಒಪ್ಪಿದರು. 10 ಸಾವಿರವೆಂದೇ ಹಿಡಿದರೂ 60 ಲಕ್ಷ ಡಾಲರ್, ಸಣ್ಣ ಮೊತ್ತವಲ್ಲ. ಆದರೆ ಇದು ಒಂದೇ ಸಲದ ಇಡಿಗಂಟು. ಗೇಮ್ ಎಷ್ಟೇ ಖರ್ಚಾಗಲಿ, ಇನ್ನೊಂದು ಸೆಂಟೂ ಸೇರುವುದಿಲ್ಲ. ಬೆಂಚಿನ ಮೇಲೆ ಕೂರುವ ಹುಡುಗನಿಗೆ ಇದು ಹಬ್ಬ. ಯಾರ ಹೆಸರು ನೋಡಿ ಜನ ಕೊಳ್ಳುತ್ತಾರೋ ಅವನಿಗೆ ಎಂಟೂವರೆ ಗೇಮಿನ ಬೆಲೆ. ಬಡ್ಡಿಯಿಲ್ಲದ ಠೇವಣಿಯನ್ನು ನನ್ನ ಸರ್ವೀಸಿನಲ್ಲಿ ಯಾರಿಗೂ ಮಾಡು ಅಂದಿಲ್ಲ. ಟೆಕ್ಸಸ್ಸಿನ ಆರ್ಚ್ ಮ್ಯಾನಿಂಗ್ ಮೊದಲಿಗೆ ಒಪ್ಪಲಿಲ್ಲ, ಆಗಸ್ಟಿನಲ್ಲಿ ಸೇರಿದ. ಅವನಿಲ್ಲ ಅಂತ ಮಗ ಗೊಣಗಿದ್ದೇ ಗೊಣಗಿದ್ದು. ಆ ಗೊಣಗಾಟಕ್ಕೇ ಅಲ್ಲವೇ ಬೆಲೆ?

ನಮ್ಮಲ್ಲಿ ಇದು ಇನ್ನೂ ಸಲೀಸು. ಇದೇ ಮಗ ಇಲ್ಲಿ ಶಾಲೆಗೆ ಹೋಗುವಾಗ, 2006ರ ಕೊನೆಗೆ, ಅದೇ ಕಂಪನಿಯ ‘ಕ್ರಿಕೆಟ್ 07’ ಬಂದಿತ್ತು. ಇಂಗ್ಲೆಂಡ್, ಆಸ್ಟ್ರೇಲಿಯಾದವರಿಗೆ ಅವರವರ ಹೆಸರು. ನಮ್ಮವರಿಗೆ ತಿರುಚಿದ ಹೆಸರು. ಹುಡುಗರೇ ಕೂತು ತಿದ್ದಿಕೊಂಡರು. ಯಾರಿಗೆ ದುಡ್ಡು ಹೋಗಬೇಕಿತ್ತು ಅಂತ ನಮ್ಮ ಮನೆಯಲ್ಲಂತೂ ಯಾರೂ ಕೇಳಲಿಲ್ಲ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ, ಚಾರ್ಲ್ಸ್ ಕೊರೆಯ ವಿನ್ಯಾಸದ ಸರದಾರ್ ಪಟೇಲ್ ಸ್ಟೇಡಿಯಂ ಇದೆ. ಭಾರತದ ನೆಲದ ಮೊದಲ ಅಂತಾರಾಷ್ಟ್ರೀಯ ಏಕದಿನ ಪಂದ್ಯ 1981ರ ನವೆಂಬರ್ 25ರಂದು ಇಲ್ಲೇ ಆದದ್ದು. ಆಗ ನಾನು ಧಾರವಾಡದಲ್ಲಿ ಓದುತ್ತಿದ್ದೆ. ಇಲ್ಲಿನ ಸದ್ದಾಗಲಿ, ನಮ್ಮ ಕರ್ನಾಟಕ ಕಾಲೇಜಿನ ಮೈದಾನದ ಸದ್ದಾಗಲಿ ಹಿಡಿದಿಟ್ಟು ನನಗೆ ಮಾರಲು ಯಾರೂ ಬರಲಿಲ್ಲ. ಬಂದಿದ್ದರೆ ಕೊಳ್ಳುತ್ತಿದ್ದೆ, ಚೌಕಾಸಿ ಮಾಡದೆ.

ಈ ಗೇಮಿನಲ್ಲಿ ‘ಡೈನಾಸ್ಟಿ’ ಅಂತ ಒಂದು ಬಗೆಯಿದೆ. ಕೋಚ್ ಆಗಿ 30 ವರ್ಷದವರೆಗೆ ತಂಡ ನಡೆಸಬಹುದು. ಮೊದಲ ವಾರದ ವಿಮರ್ಶೆಗಳಲ್ಲಿ ಇದರ ಹೊಗಳಿಕೆ ಬಹಳ. ಮೊದಲ ವಾರವಾದ್ದರಿಂದಲೇ ಅವರಿಗೆ ಮುಂದಿನದು ನಾಟಲಿಲ್ಲ. ಹುಡುಗರು ವರ್ಷ ವರ್ಷ ಡಿಗ್ರಿ ಮುಗಿಸಿ ಹೋಗುತ್ತಾರೆ, ಅವರ ಜಾಗಕ್ಕೆ ಕಂಪ್ಯೂಟರ್ ಹುಟ್ಟಿಸಿದ ಹೆಸರುಗಳು ಬರುತ್ತವೆ. ನಾಲ್ಕೈದು ಸೀಸನ್ ಕಳೆಯುವಷ್ಟರಲ್ಲಿ ಸ್ಟೇಡಿಯಂ ಅದೇ, ಬ್ಯಾಂಡ್ ಅದೇ, ಕೂಗೂ ಅದೇ. ಗುರುತಿನವರು ಒಬ್ಬರೂ ಇಲ್ಲ. ಧಾರವಾಡದ ಸುಭಾಸ್ ರೋಡಿನಲ್ಲಿ ಈಗ ನಾನು ನಡೆದ ಹಾಗೆ.

ಮಗ ಆಟದ ಲೆಕ್ಕದಲ್ಲಿ 2030ರವರೆಗೆ ಹೋದ. ಒಂದು ರಾತ್ರಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ, ಎಲ್ಲ ಅಳಿಸಿ ಮತ್ತೆ 2024ರಿಂದ ಶುರು ಮಾಡಿದ. “ಯಾಕಪ್ಪಾ, ಗೆಲ್ಲಾಕತ್ತಿದ್ದೆಲ್ಲಾ?” ಅಂದೆ.

“ಇವರು ಯಾರ ಅಂತನ ಗೊತ್ತಿಲ್ರಿ ನನಗ” ಅಂದ.