ದೇವಾಲಯದಿಂದ ಹೊರಟ ಆರ್ಗನ್

ಕೀರ್ತನೆಗಳ ಗ್ರಂಥದ ಕೊನೆಯ ಕೀರ್ತನೆಯಲ್ಲಿ ವಾದ್ಯಗಳ ಒಂದು ಮೆರವಣಿಗೆಯೇ ಇದೆ. ತುತೂರಿ, ಕಿನ್ನರಿ, ದಮ್ಮಡಿ, ತಂತಿವಾದ್ಯ, ಕೊಳಲು, ತಾಳ ಎಲ್ಲವೂ ಅಲ್ಲಿ ದೇವರ ಸ್ತುತಿಗೆ ಕರೆಯಲ್ಪಟ್ಟಿವೆ. ಆದರೂ ಯಾವ ವಾದ್ಯ ದೇವಾಲಯಕ್ಕೆ ತಕ್ಕದ್ದು, ಯಾವುದು ತಕ್ಕದ್ದಲ್ಲ ಎಂಬ ಚರ್ಚೆ ಧರ್ಮಸಭೆಯಲ್ಲಿ ಎಂದೂ ನಿಂತಿಲ್ಲ. ಜಗದ್ಗುರು ಹತ್ತನೇ ಪಯಸ್‌ರವರು 1903ರಲ್ಲಿ ಹೊರಡಿಸಿದ ಪವಿತ್ರ ಸಂಗೀತದ ಆಜ್ಞಾಪತ್ರವು ಪಿಯಾನೊವನ್ನೂ ಡ್ರಮ್, ತಾಳಗಳಂಥ ಸದ್ದಿನ ವಾದ್ಯಗಳನ್ನೂ ದೇವಾಲಯದೊಳಗೆ ನಿಷೇಧಿಸಿತು. ಅರವತ್ತು ವರ್ಷಗಳ ಬಳಿಕ, 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪ್ರಕಟಿಸಿದ ದೈವಾರಾಧನೆಯ ಸಂವಿಧಾನವು ಪೈಪ್ ಆರ್ಗನ್‌ಗೆ ಗೌರವದ ಸ್ಥಾನ ನೀಡುತ್ತಲೇ, ಪವಿತ್ರ ಬಳಕೆಗೆ ಹೊಂದುವ, ದೇವಾಲಯದ ಘನತೆಗೆ ಒಪ್ಪುವ, ವಿಶ್ವಾಸಿಗಳ ಭಕ್ತಿಯನ್ನು ಬೆಳೆಸುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು.

ಕೀಬೋರ್ಡು, ಗಿಟಾರುಗಳ ಬಗ್ಗೆ ನಮ್ಮ ಧರ್ಮಕೇಂದ್ರಗಳಲ್ಲಿ ಹಿರಿಯರಿಗೂ ಯುವಜನರಿಗೂ ಇರುವ ಭಿನ್ನಾಭಿಪ್ರಾಯ ಈ ಚರ್ಚೆಯದೇ ಮುಂದುವರಿಕೆ. ನಮ್ಮ ಅಂಗಳದ ಜಗಳವನ್ನು ಸಮಚಿತ್ತದಿಂದ ನೋಡಲು ಕೆಲವೊಮ್ಮೆ ದೂರದ ನಿದರ್ಶನವೇ ಹೆಚ್ಚು ನೆರವಾಗುತ್ತದೆ. ಮಹಾಸಭೆ ಮುಗಿದ ಬೆನ್ನಿಗೇ ಇಂಗ್ಲೆಂಡ್ ಮತ್ತು ಅಮೆರಿಕದ ರಾಕ್ ಸಂಗೀತಗಾರರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ತಮ್ಮ ಸಂಗೀತದೊಂದಿಗೆ ಬೆಸೆಯಲು ಹೊರಟರು. ಮೂರು ನಿಮಿಷದ ಹಾಡಿನ ಚೌಕಟ್ಟು ಅವರಿಗೆ ಸಾಲದಾಗಿತ್ತು. ಹೀಗೆ ಹುಟ್ಟಿದ ಪ್ರಕಾರವೇ ಮುಂದೆ ಪ್ರೊಗ್ರೆಸ್ಸಿವ್ ರಾಕ್ ಎಂದು ಹೆಸರಾಯಿತು.

ಈ ಬೆಸುಗೆಯ ನಡುವೆ ಇದ್ದ ವಾದ್ಯ ಯಾವುದೆಂದು ತಿಳಿದರೆ ನಮ್ಮ ಓದುಗರಿಗೆ ಅಚ್ಚರಿಯಾದೀತು. ಅದು ದೇವಾಲಯಗಳನ್ನು ಮನಸ್ಸಿನಲ್ಲಿರಿಸಿಕೊಂಡು ಮಾರುಕಟ್ಟೆಗೆ ಬಂದ ಹ್ಯಾಮಂಡ್ ಆರ್ಗನ್. ಅಮೆರಿಕದ ಎಂಜಿನಿಯರ್ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಇದನ್ನು ಹೊರತಂದರು. ಗಾಳಿಯೂದುವ ಕೊಳವೆಗಳ ಬದಲು, ತಿರುಗುವ ಲೋಹದ ಚಕ್ರಗಳಿಂದ ವಿದ್ಯುತ್ತಿನ ಮೂಲಕ ನಾದ ಹುಟ್ಟಿಸುವ ಯಂತ್ರವಿದು. ಪೈಪ್ ಆರ್ಗನ್ ಕೊಳ್ಳುವ ಶಕ್ತಿಯಿಲ್ಲದ ಅನೇಕ ಸಣ್ಣ ದೇವಾಲಯಗಳು ಇದನ್ನು ಕೊಂಡವು. ಅಲ್ಲಿಂದ ಅದು ಜಾಝ್‌ಗೂ ಅನಂತರ ರಾಕ್‌ಗೂ ನಡೆಯಿತು. 1967ರಲ್ಲಿ ಪ್ರೊಕೊಲ್ ಹಾರಮ್ ತಂಡದ 'ಎ ವೈಟರ್ ಶೇಡ್ ಆಫ್ ಪೇಲ್' ಹಾಡಿನಲ್ಲಿ ಮ್ಯಾಥ್ಯೂ ಫಿಶರ್ ಹ್ಯಾಮಂಡ್‌ನಲ್ಲಿ ನುಡಿಸಿದ ಸಂಗೀತ ಬಾಖ್‌ನ ನಡಿಗೆಯನ್ನು ನೆನಪಿಗೆ ತರುತ್ತದೆ. ಆ ನುಡಿಸಾಣಿಕೆಯೂ ಹಾಡಿನ ರಚನೆಯ ಭಾಗವೇ ಎಂದು ಫಿಶರ್ ಹೂಡಿದ ದಾವೆಯಲ್ಲಿ 2009ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಅವರ ಪರವಾಗಿ ತೀರ್ಪಿತ್ತಿತು. ಆರ್ಗನ್ ಅಲ್ಲಿ ಬರಿಯ ಅಲಂಕಾರವಾಗಿರಲಿಲ್ಲ ಎಂಬುದಕ್ಕೆ ನ್ಯಾಯಾಲಯದ ಮುದ್ರೆಯೂ ಬಿದ್ದಂತಾಯಿತು.

ಆದರೆ ಎಲ್ಲ ಬೆಸುಗೆಯೂ ಇಷ್ಟು ಗಟ್ಟಿಯಾಗಿರಲಿಲ್ಲ. ಕಥೋಲಿಕರಾದ ನಮಗೆ ನೇರವಾಗಿ ಸಂಬಂಧಿಸಿದ ಉದಾಹರಣೆಯೊಂದಿದೆ. 1968ರ ಆರಂಭದಲ್ಲಿ ಲಾಸ್ ಏಂಜಲಿಸ್‌ನ ಎಲೆಕ್ಟ್ರಿಕ್ ಪ್ರೂನ್ಸ್ ಎಂಬ ರಾಕ್ ತಂಡದ ಹೆಸರಿನಲ್ಲಿ 'ಮಾಸ್ ಇನ್ ಎಫ್ ಮೈನರ್' ಎಂಬ ಧ್ವನಿಮುದ್ರಿಕೆ ಹೊರಬಂದಿತು. ಸಂಗೀತ ಡೇವಿಡ್ ಆ್ಯಕ್ಸಲ್‌ರಾಡ್ ಅವರದು. ಕೀರಿಯೆ, ಗ್ಲೋರಿಯ, ಕ್ರೇದೊ, ಸಾಂಕ್ತುಸ್, ಬೆನೆದಿಕ್ತುಸ್, ಆಗ್ನುಸ್ ದೇಯಿ ಎಂಬ ಆರು ಭಾಗಗಳು. ಬಲಿಪೂಜೆಯ ಅದೇ ಲ್ಯಾಟಿನ್ ಪಠ್ಯ. ರಚನೆಯ ಜಟಿಲತೆಯನ್ನು ತಂಡದವರಿಗೆ ನಿಭಾಯಿಸಲಾಗದೆ, ಧ್ವನಿಮುದ್ರಣವನ್ನು ಬೇರೆ ವಾದಕರು ಸೇರಿ ಪೂರ್ಣಗೊಳಿಸಬೇಕಾಯಿತು. ಇದರ ಕೀರಿಯೆ ಮುಂದೆ 1969ರ 'ಈಸಿ ರೈಡರ್' ಚಲನಚಿತ್ರದಲ್ಲಿಯೂ ಬಳಕೆಯಾಯಿತು.

ಜಗತ್ತಿನಾದ್ಯಂತ ಧರ್ಮಕೇಂದ್ರಗಳು ಲ್ಯಾಟಿನ್ ಬಿಟ್ಟು ತಮ್ಮ ತಮ್ಮ ನುಡಿಗಳಲ್ಲಿ ಪ್ರಾರ್ಥಿಸತೊಡಗಿದ ಆ ದಿನಗಳಲ್ಲೇ ಲ್ಯಾಟಿನ್ ಒಂದು ರಾಕ್ ಧ್ವನಿಮುದ್ರಿಕೆಗೆ ಬಂದು ಸೇರಿತು. ಇದರಲ್ಲಿ ತಪ್ಪೇನೂ ಇಲ್ಲ. ಪುರುಷ ಧ್ವನಿಗಳು ಒಂದೇ ಸ್ವರದಲ್ಲಿ ಮೊದಲಿಡುವ ಕೀರಿಯೆಗೆ ತನ್ನದೇ ಗಾಂಭೀರ್ಯವೂ ಇದೆ. ಆದರೆ ಆಲಿಸುತ್ತ ಹೋದಂತೆ ಒಂದು ಕೊರತೆ ಎದ್ದು ಕಾಣುತ್ತದೆ. ಕರುಣೆಗಾಗಿ ಮೊರೆಯಿಡುವ ಮಾತಿಗೂ ಮಹಿಮೆಯನ್ನು ಸಾರುವ ಮಾತಿಗೂ ಗಿಟಾರ್ ಒಂದೇ ಬಗೆಯ ಒರಟು ಗುಂಗನ್ನು ಹೊದಿಸುತ್ತದೆ. ಪಾಪಿಯ ನಿಟ್ಟುಸಿರು, ದೇವದೂತರ ಜಯಘೋಷ, ಕುರಿಮರಿಯ ಮುಂದಿನ ಮೌನ ಇವುಗಳ ನಡುವಿನ ಅಂತರ ಅಳಿಸಿಹೋಗುತ್ತದೆ. ಪ್ರಾರ್ಥನೆ ಇಲ್ಲಿ ಧೂಪದ ಪರಿಮಳದಂತೆ ಒಂದು ವಾತಾವರಣವನ್ನು ಹುಟ್ಟಿಸಲು ಬಳಕೆಯಾಗಿದೆ. ಅದರ ಅರ್ಥಕ್ಕೆ ಸಂಗೀತ ಕಿವಿಗೊಟ್ಟಿಲ್ಲ. ಇದು ಪೂಜಾಪೀಠಕ್ಕಾಗಿ ರಚಿತವಾದದ್ದಲ್ಲ ಎಂಬ ಸಮಾಧಾನ ಸಲ್ಲಬಹುದು. ಆದರೂ ಬಲಿಪೂಜೆಯ ಮಾತುಗಳನ್ನು ಆರಿಸಿಕೊಂಡ ಮೇಲೆ ಆ ಮಾತುಗಳಿಗೆ ಉತ್ತರ ಹೇಳುವ ಹೊಣೆ ಸಂಗೀತಗಾರನಿಗೆ ಉಂಟು.

ಲೌಕಿಕ ಸಂಗೀತ ಬಲಿಪೂಜೆಯನ್ನು ಮುಟ್ಟಿದ್ದೇ ದೋಷವೆಂದು ಇದರಿಂದ ತೀರ್ಮಾನಿಸಲಾಗದು. 'ಲೋಮ್ ಆರ್ಮೆ', ಎಂದರೆ ಶಸ್ತ್ರಧಾರಿ ಮನುಷ್ಯ, ಎಂಬುದು ಹದಿನೈದನೆಯ ಶತಮಾನದ ಒಂದು ಫ್ರೆಂಚ್ ಲೌಕಿಕ ಹಾಡು. ಅದರ ಧಾಟಿಯನ್ನು ಆಧರಿಸಿ ದ್ಯುಫಾಯ್, ಜೊಸ್ಕೆನ್, ಪಾಲೆಸ್ತ್ರಿನ ಮೊದಲಾದ ಮಹನೀಯರು ಬಲಿಪೂಜೆಗೆ ಸಂಗೀತ ರಚಿಸಿದರು. ಅಂಥ ಪೂಜಾಸಂಗೀತಗಳು ಹತ್ತಾರು ಇವೆ, ಪಾಲೆಸ್ತ್ರಿನರೊಬ್ಬರದೇ ಎರಡು. ಅವರು ಮಾಡಿದ್ದೇನು? ಬೀದಿಯ ಹಾಡನ್ನು ನಿಧಾನಗೊಳಿಸಿ, ಬಹುಮಟ್ಟಿಗೆ ಒಳಗಿನ ಒಂದು ಧ್ವನಿಗೆ ಒಪ್ಪಿಸಿ, ಅಡಿಪಾಯದ ಕಲ್ಲಿನಂತೆ ಹುದುಗಿಸಿದರು. ಆ ಕಲ್ಲಿನ ಮೇಲೆ ಪ್ರಾರ್ಥನೆಯ ಗೋಡೆ ಎದ್ದು ನಿಂತಿತು. ಎಲೆಕ್ಟ್ರಿಕ್ ಪ್ರೂನ್ಸ್ ಅವರಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅಲ್ಲಿ ಗಿಟಾರಿನ ಗೋಡೆಗೆ ಪ್ರಾರ್ಥನೆ ಬಣ್ಣ ಬಳಿಯುತ್ತದೆ.

ಇದಕ್ಕಿಂತ ಹೆಚ್ಚು ಪ್ರಾಮಾಣಿಕವಾದ ಯತ್ನವನ್ನು ಡೀಪ್ ಪರ್ಪಲ್ ತಂಡದ ಜಾನ್ ಲಾರ್ಡ್ ಮಾಡಿದರು. 1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವರ 'ಕನ್ಸರ್ಟೊ ಫಾರ್ ಗ್ರೂಪ್ ಅಂಡ್ ಆರ್ಕೆಸ್ಟ್ರಾ' ಮೊದಲ ಬಾರಿಗೆ ಪ್ರಸ್ತುತವಾಯಿತು. ರಾಯಲ್ ಫಿಲ್‌ಹಾರ್ಮೊನಿಕ್ ವಾದ್ಯವೃಂದವನ್ನು ಮಾಲ್ಕಮ್ ಅರ್ನಾಲ್ಡ್ ನಿರ್ದೇಶಿಸಿದರು. ಆಗ ಲಾರ್ಡ್‌ಗೆ ಇಪ್ಪತ್ತೆಂಟು ವರ್ಷ. ಮೂರು ಭಾಗಗಳ ಈ ಕೃತಿಯಲ್ಲಿ ಮೊದಲು ವಾದ್ಯವೃಂದವೇ ಬಹು ಹೊತ್ತು ನುಡಿಯುತ್ತದೆ. ಆಮೇಲೆ ಹ್ಯಾಮಂಡ್, ಗಿಟಾರ್, ಡ್ರಮ್‌ಗಳು ಧಾವಿಸಿ ಬರುತ್ತವೆ. ಇಬ್ಬರೂ ಎದುರಾಳಿಗಳಂತೆ ನಿಲ್ಲುತ್ತಾರೆ. ಎರಡನೆಯ ಭಾಗದಲ್ಲಿ ಹತ್ತಿರವಾಗುತ್ತಾರೆ, ಮೂರನೆಯದರಲ್ಲಿ ಒಟ್ಟಿಗೆ ಓಡುತ್ತಾರೆ.

ಇದನ್ನು ಪೂರ್ಣ ಯಶಸ್ಸೆಂದು ನಾನು ಕರೆಯಲಾರೆ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸುಮ್ಮನೆ ಸರದಿಗೆ ಕಾಯುವ ಸಭೆಯಂತೆ ಕೃತಿಯ ಹಲವು ಭಾಗಗಳು ಕೇಳಿಸುತ್ತವೆ. ಕಾಯುವುದೂ ಆಲಿಸುವುದೂ ಒಂದೇ ಅಲ್ಲ. ಆದರೆ ಲಾರ್ಡ್ ಎರಡು ಸಂಗೀತಗಳ ನಡುವಿನ ಕಲಹವನ್ನು ಮರೆಮಾಚದೆ ಅದನ್ನೇ ಕೃತಿಯ ವಸ್ತುವಾಗಿಸಿಕೊಂಡರು. ಸುಲಭದ ಸಂಧಾನಕ್ಕಿಂತ ಇಂಥ ನೇರವಂತಿಕೆ ಮೇಲು. 1970ರಲ್ಲಿ ಈ ಕೃತಿಯ ಸ್ವರಲಿಪಿ ಕಳೆದುಹೋಯಿತು. ಮುಂದೆ ಮಾರ್ಕೊ ಡಿ ಗೂಯ್ ಎಂಬ ಡಚ್ ಸಂಗೀತಗಾರ ಧ್ವನಿಮುದ್ರಣವನ್ನು ಕೇಳಿ ಕೇಳಿ ಅದನ್ನು ಮರುರಚಿಸಿದರು. ಲಾರ್ಡ್ ಅದನ್ನು ಪರಿಷ್ಕರಿಸಲು ಕೈಗೂಡಿಸಿದರು. 1999ರಲ್ಲಿ ಅದೇ ಸಭಾಂಗಣದಲ್ಲಿ ಕೃತಿ ಮತ್ತೆ ಜೀವ ತಳೆಯಿತು.

ಎಮರ್ಸನ್, ಲೇಕ್ ಅಂಡ್ ಪಾಮರ್ ಎಂಬ ಮೂವರ ತಂಡ 1971ರ ಮಾರ್ಚ್ 26ರಂದು ನ್ಯೂಕಾಸಲ್ ಸಿಟಿ ಹಾಲ್‌ನಲ್ಲಿ ಧ್ವನಿಮುದ್ರಿಸಿದ 'ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್' ಇನ್ನೊಂದು ಬಗೆಯದು. ರಷ್ಯದ ಮುಸೋರ್ಗ್‌ಸ್ಕಿ ಅಗಲಿದ ಕಲಾವಿದ ಮಿತ್ರ ಹಾರ್ಟ್‌ಮನ್‌ನ ನೆನಪಿಗೆ 1874ರಲ್ಲಿ ರಚಿಸಿದ ಪಿಯಾನೊ ಕೃತಿ ಇದರ ಮೂಲ. ಕೀತ್ ಎಮರ್ಸನ್ ಆ ಸಭಾಂಗಣದ ಪೈಪ್ ಆರ್ಗನ್ ಮುಂದೆ ಕುಳಿತು ಆರಂಭದ 'ಪ್ರೊಮೆನೇಡ್' ನುಡಿಸಿದರು. ಹತ್ತು ಚಿತ್ರಗಳಲ್ಲಿ ನಾಲ್ಕನ್ನು ಮಾತ್ರ ಇರಿಸಿಕೊಂಡು, ತಮ್ಮವೇ ರಚನೆಗಳನ್ನು ಸೇರಿಸಿ, ಕೀವ್ ನಗರದ ಮಹಾದ್ವಾರಕ್ಕೆ ಹಾಡಿನ ಸಾಲುಗಳನ್ನೂ ಕೊಟ್ಟರು. ಇದೇ ಎಮರ್ಸನ್ ವೇದಿಕೆಯಲ್ಲಿ ಹ್ಯಾಮಂಡ್‌ನ ಕೀಲಿಗಳ ನಡುವೆ ಚಾಕು ತೂರಿ, ಅದನ್ನು ಅಲುಗಾಡಿಸಿ ಜನರನ್ನು ರಂಜಿಸಿದವರು. ವಾದ್ಯವನ್ನು ಆಲಿಸುವವನೂ ಅದರ ಮೇಲೆ ಮೆರೆಯುವವನೂ ಒಬ್ಬನೇ ಕಲಾವಿದನಲ್ಲಿ ಇರಬಹುದು. ಪ್ರತಿಭೆಗೆ ಇರುವ ಈ ಪ್ರಲೋಭನೆ ರಾಕ್ ವೇದಿಕೆಗೆ ಮಾತ್ರ ಸೀಮಿತವಲ್ಲ. ನಮ್ಮ ಗಾಯನ ವೃಂದಗಳಲ್ಲೂ ಅದು ಇಣುಕುವುದುಂಟು.

ಜಾನ್ ಲಾರ್ಡ್ ಅವರ ಯಾತ್ರೆ ಎಲ್ಲಿ ತಲುಪಿತೆಂಬುದು ಗಮನಾರ್ಹ. 2007ರಲ್ಲಿ ಡರ್ಹಮ್ ವಿಶ್ವವಿದ್ಯಾಲಯದ 175ನೆಯ ವರ್ಷಕ್ಕಾಗಿ ಅವರು 'ಡರ್ಹಮ್ ಕನ್ಸರ್ಟೊ' ರಚಿಸಿದರು. ಸಂತ ಕತ್ಬರ್ಟ್ ಮತ್ತು ಸಂತ ಬೀಡ್ ಅವರ ಸಮಾಧಿಗಳಿರುವ ಡರ್ಹಮ್ ಮಹಾದೇವಾಲಯದಲ್ಲಿ ಅದು ಮೊದಲು ಪ್ರಸ್ತುತವಾಯಿತು. ವಯಲಿನ್, ಚೆಲೊ, ಆ ಸೀಮೆಯ ಜಾನಪದ ಊದುವಾದ್ಯವಾದ ನಾರ್ತಂಬ್ರಿಯನ್ ಪೈಪ್ಸ್ ಇವುಗಳೊಂದಿಗೆ ಹ್ಯಾಮಂಡ್ ಆರ್ಗನ್‌ಗೂ ಅಲ್ಲಿ ಸ್ಥಾನವಿತ್ತು. ಹ್ಯಾಮಂಡ್ ಇಲ್ಲಿ ಯಾರ ಎದುರಾಳಿಯೂ ಅಲ್ಲ; ನಾಲ್ವರಲ್ಲಿ ಒಬ್ಬ. ಆಲ್ಬರ್ಟ್ ಹಾಲ್‌ನಲ್ಲಿ ವಾದ್ಯವೃಂದಕ್ಕೆ ಎದುರು ನಿಂತ ನಾದ, ಮೂವತ್ತೆಂಟು ವರ್ಷಗಳ ಬಳಿಕ ಇತರರಿಗೆ ಎಡೆಮಾಡಿಕೊಟ್ಟು ಕುಳಿತುಕೊಳ್ಳಲು ಕಲಿತಿತ್ತು. ಅದು ಆರಾಧನೆಯಲ್ಲ, ಕಛೇರಿ ಎಂಬುದು ನಿಜ. ಆದರೂ ಬಡ ದೇವಾಲಯಗಳಿಗೆ ಒದಗಿದ್ದ ಆ ವಾದ್ಯ ಲೋಕವನ್ನೆಲ್ಲ ಸುತ್ತಿ ಕೊನೆಗೆ ದೇವಾಲಯದ ಕಮಾನುಗಳ ಕೆಳಗೆ ವಿನಯದಿಂದ ನುಡಿಯಿತು. ಲಾರ್ಡ್ 2012ರಲ್ಲಿ ನಿಧನರಾದರು.

ನಮ್ಮ ಹಾರ್ಮೋನಿಯಂ ಕೂಡ ಇಂಥದೇ ಯಾತ್ರಿಕ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಸಣ್ಣ ದೇವಾಲಯಗಳ ಅಗ್ಗದ ಆರ್ಗನ್ ಆಗಿದ್ದ ಅದು, ಭಾರತಕ್ಕೆ ಬಂದು ನೆಲದ ಮೇಲೆ ಕುಳಿತು, ಕೈಯಿಂದ ಗಾಳಿ ಊದಿಸಿಕೊಂಡು, ಭಜನೆಯ ಉಸಿರಾಯಿತು. ಇಂದು ಅದನ್ನು ಪರಕೀಯವೆನ್ನುವವರು ವಿರಳ. ಅದು ಗಾಯಕನ ಧ್ವನಿಗೆ ಆಸರೆಯಾಗಿ ನಿಲ್ಲಲು ಕಲಿತದ್ದೇ ಇದಕ್ಕೆ ಕಾರಣ.

ಆದುದರಿಂದ ಹೊಸ ವಾದ್ಯವೊಂದು ದೇವಾಲಯದ ಬಾಗಿಲಿಗೆ ಬಂದಾಗ ಅದರ ಹುಟ್ಟೂರನ್ನು ಕೇಳಿ ನಾವು ನಿರ್ಧರಿಸಬೇಕಾಗಿಲ್ಲ. ಹಳೆಯದೆಂಬ ಒಂದೇ ಕಾರಣಕ್ಕೆ ಯಾವ ಹಾಡೂ ಪವಿತ್ರವಾಗದು. ಯುವಜನರನ್ನು ಸೆಳೆಯುತ್ತದೆ ಎಂಬ ಒಂದೇ ಕಾರಣಕ್ಕೆ ಯಾವ ಹಾಡೂ ಆರಾಧನೆಯಾಗದು. ಮಹಾಸಭೆಯ ಮಾತಿನ ತಿರುಳೂ ಇದೇ: ಸಂಗೀತ ಆರಾಧನೆಯ ಕ್ರಿಯೆಗೆ ಎಷ್ಟು ಹತ್ತಿರವಾಗಿ ಬೆಸೆದಿದೆಯೋ ಅಷ್ಟು ಅದು ಪವಿತ್ರ. ನಮ್ಮ ಗಾಯನ ವೃಂದದ ಕೀಬೋರ್ಡು ಪ್ರಾರ್ಥನೆಯ ಮಾತಿಗೆ ದಾರಿಬಿಡುತ್ತದೆಯೇ? ಪರಮ ಪ್ರಸಾದದ ಬಳಿಕದ ಮೌನವನ್ನು ಅದು ಗೌರವಿಸುತ್ತದೆಯೇ? ಹಿಂದಿನ ಬೆಂಚಿನಲ್ಲಿರುವ ಅಜ್ಜಿಯ ಕಂಠಕ್ಕೂ ಹಾಡಲು ಎಡೆ ಇದೆಯೇ? ಬರುವ ಭಾನುವಾರ ಹಿರಿಯರೂ ಯುವಜನರೂ ಈ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕುಳಿತು ಕೇಳಿಕೊಳ್ಳಲಿ. ಒಟ್ಟಿಗೆ ಕುಳಿತು ಆಲಿಸಲು ಕಲಿತ ಧರ್ಮಕೇಂದ್ರದಲ್ಲಿ ವಾದ್ಯಗಳೂ ಒಂದನ್ನೊಂದು ಆಲಿಸಲು ಕಲಿಯುತ್ತವೆ.