ಉಕ್ಕು ‘ವೂಟ್ಜ್’ ಆದ ಬಗೆ: ವಸಾಹತೋತ್ತರ ವಿಜ್ಞಾನ ವಿಮರ್ಶೆಯ ಒಂದು ತೊಡಕು

ಆಧುನಿಕ ವಿಜ್ಞಾನವು ಯುರೋಪಿನಲ್ಲಿ ಹುಟ್ಟಿ ಉಳಿದ ಜಗತ್ತಿಗೆ ಹರಡಿತೆಂಬ ಗ್ರಹಿಕೆಗೆ ಜಾರ್ಜ್ ಬಸಲ್ಲಾ 1967ರಲ್ಲಿ ಮೂರು ಹಂತಗಳ ಒಂದು ಮಾದರಿಯನ್ನು ರೂಪಿಸಿದರು. ಮೊದಲ ಹಂತದಲ್ಲಿ ಯುರೋಪೇತರ ನಾಡುಗಳು ಅಧ್ಯಯನಕ್ಕೆ ಸಾಮಗ್ರಿ ಒದಗಿಸುವ ನೆಲಗಳು ಮಾತ್ರ, ಅರಿಯುವವರು ಹೊರಗಿನವರು. ವಸಾಹತೋತ್ತರ ಚಿಂತಕರು ಇದನ್ನು ಸಾಕಷ್ಟು ಖಂಡಿಸಿದ್ದಾರೆ. ಖಂಡನೆಯ ಅನಂತರ ಏನನ್ನು ನೋಡಬೇಕೆಂಬುದು ಮಾತ್ರ ಅಷ್ಟು ಸ್ಪಷ್ಟವಾಗಿಲ್ಲ. ದಕ್ಷಿಣ ಭಾರತದ ಉಕ್ಕಿನ ಚರಿತ್ರೆ ಇಲ್ಲಿ ನೆರವಿಗೆ ಬರುತ್ತದೆ.

1790ರ ದಶಕದಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಕಳುಹಿಸಿದ ಉಕ್ಕಿನ ಗಟ್ಟಿಗಳು ಲಂಡನ್ನಿನ ರಾಯಲ್ ಸೊಸೈಟಿಯನ್ನು ತಲುಪಿದವು. ಅವನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿ ಅದರ ಹೆಸರು ‘ವೂಟ್ಜ್’; ಇದು ಕನ್ನಡದ ‘ಉಕ್ಕು’ ಪದದ ವಿಕೃತ ರೂಪವೆಂಬುದು ಹಲವು ವಿದ್ವಾಂಸರ ಮತ. ಮುಂದೆ ಮೈಕೇಲ್ ಫ್ಯಾರಡೆ 1819ರಲ್ಲಿ ಇದನ್ನು ವಿಶ್ಲೇಷಿಸಿದರು. ಜೇಮ್ಸ್ ಸ್ಟೋಡಾರ್ಟರೊಡನೆ 1822ರವರೆಗೆ ಉಕ್ಕಿನ ಮಿಶ್ರಲೋಹಗಳ ಪ್ರಯೋಗಗಳನ್ನು ನಡೆಸಿದರು. ಇಲ್ಲಿನ ಕುಲುಮೆಯಲ್ಲಿ ಸಿದ್ಧಗೊಂಡ ವಸ್ತು ಅಲ್ಲಿನ ಪ್ರಯೋಗಾಲಯಕ್ಕೆ ಪ್ರಶ್ನೆಯೊಡ್ಡಿತು. ಅದನ್ನು ಕಚ್ಚಾ ಸಾಮಗ್ರಿಯೆಂದು ಕರೆಯುವುದಾದರೂ ಹೇಗೆ?

ಹದಿನೆಂಟನೆಯ ಶತಮಾನದ ಭಾರತೀಯ ವಿಜ್ಞಾನ-ತಂತ್ರಜ್ಞಾನವನ್ನು ಕುರಿತ ಧರಂಪಾಲರ 1971ರ ಗ್ರಂಥವು ಬ್ರಿಟಿಷರ ದಾಖಲೆಗಳಿಂದಲೇ ಇಂತಹ ಕೌಶಲಗಳನ್ನು ಎತ್ತಿ ತೋರಿಸಿತು. ಅದರ ಉಪಕಾರ ದೊಡ್ಡದು. ಆದರೆ ಅದರ ಜಾಡಿನಲ್ಲಿ ಬಂದ ಅನೇಕ ಬರಹಗಳಲ್ಲಿ ‘ನಮ್ಮ’ ಎಂಬ ಸರ್ವನಾಮ ತೀರ ಸುಲಭವಾಗಿ ಬಳಕೆಯಾಗಿದೆ. ಮೈಸೂರು ಸೀಮೆಯಲ್ಲಿ 1800-01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನರ ವರದಿ 1807ರಲ್ಲಿ ಅಚ್ಚಾಯಿತು. ಮೂಸೆಯೊಳಗೆ ಕಬ್ಬಿಣದ ಜೊತೆಗೆ ತಂಗಡಿಯ ಕಡ್ಡಿ, ಹಸಿರೆಲೆಗಳನ್ನಿಟ್ಟು ಕಾಯಿಸುವ ಕ್ರಮವಷ್ಟೇ ಅಲ್ಲದೆ ದುಡಿಯುವವರ ಸಂಖ್ಯೆ, ಅವರ ಪಾಲು, ಕೂಲಿಗಳೂ ಅದರಲ್ಲಿವೆ. ಕಂಪನಿಗೆ ಆದಾಯದ ಲೆಕ್ಕ ಬೇಕಿತ್ತು, ನಿಜ. ಆದರೂ ಆ ಲೆಕ್ಕದಲ್ಲಿ ಕಾಣುವ ಜನ ನಮ್ಮ ಅಭಿಮಾನದ ಬರಹಗಳಲ್ಲಿ ಕಾಣದಿರುವುದು ವಿಪರ್ಯಾಸ. ಕಮ್ಮಾರನ ಅರಿವನ್ನು ‘ಕಸುಬು’ ಎಂದು ಕೆಳಗಿರಿಸಿದ ಶ್ರೇಣೀಕರಣವನ್ನು ವಸಾಹತುಶಾಹಿ ತಂದುದಲ್ಲ. ಅದು ಇಲ್ಲಿ ಮೊದಲೇ ಇತ್ತು.

ಇಂಗ್ಲೆಂಡಿನ ಅಗ್ಗದ ಲೋಹದ ಆಮದು, ಇದ್ದಿಲಿಗೆ ಅಡ್ಡಿಯಾದ ಅರಣ್ಯ ನಿರ್ಬಂಧಗಳಿಂದ 19ನೆಯ ಶತಮಾನದಲ್ಲಿ ಕುಲುಮೆಗಳು ಒಂದೊಂದಾಗಿ ಆರಿದವು. ಈ ನಾಶದ ಹೊಣೆಯನ್ನು ಸಾಮ್ರಾಜ್ಯದ ಮೇಲೆ ಹೊರಿಸುವಲ್ಲಿ ವಸಾಹತೋತ್ತರ ವಿಮರ್ಶೆಗೆ ಸಂಕೋಚವಿಲ್ಲ. ಅದೇ ನಿಷ್ಠುರತೆಯಿಂದ ಅದು ಜಾತಿಯತ್ತಲೂ ತಿರುಗಬೇಕಾದರೆ, ಶಾಸನ, ಕೈಫಿಯತ್ತು, ಸುಂಕದ ಲೆಕ್ಕಗಳಲ್ಲಿ ಚದುರಿಹೋಗಿರುವ ಕಮ್ಮಾರಿಕೆಯ ಕನ್ನಡ ಪದಗಳನ್ನು ಬುಕಾನನ್ನರ ಪುಟಗಳ ಪಕ್ಕದಲ್ಲಿಟ್ಟು ಓದುವ ಕೆಲಸ ಮೊದಲು ಆಗಬೇಕಿದೆ.