ಸೆರೆಯಾಳಿನ ಕಥನದಲ್ಲಿ ಪ್ರಥಮಪುರುಷ: ಮಾಲ್ ಸಿಂಗ್ ಧ್ವನಿಮುದ್ರಿಕೆಯ ಒಂದು ಪರಿಶೀಲನೆ

ಮೊದಲ ಮಹಾಯುದ್ಧದಲ್ಲಿ (1914-18) ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯ ಸಿಪಾಯಿಗಳೂ ಕೂಲಿಯಾಳುಗಳೂ ಕಡಲಾಚೆಗೆ ಹೋದರು. ಇವರಲ್ಲಿ ಬಹುಪಾಲು ಜನ ಅನಕ್ಷರಸ್ಥರು. ಹೀಗಾಗಿ ಅವರ ಅನುಭವವು ಬಹುತೇಕ ಲಿಪಿಕಾರರ ಕೈಬರಹ ಹಾಗೂ ಸೇನಾ ಸೆನ್ಸಾರಿನ ಅನುವಾದಗಳ ಮೂಲಕವೇ ಉಳಿದುಬಂದಿದೆ. ಈ ಹಿನ್ನೆಲೆಯಲ್ಲಿ, ಜರ್ಮನಿಯ ಸೆರೆಶಿಬಿರಗಳಲ್ಲಿ ಸಿದ್ಧವಾದ ಧ್ವನಿಮುದ್ರಿಕೆಗಳು ಮೌಖಿಕ ಪರಂಪರೆಯ ಅಧ್ಯಯನಕ್ಕೆ ಬೇರೊಂದು ಬಗೆಯ ಆಕರಗಳಾಗಿವೆ.

ಬರ್ಲಿನ್ನಿನ ದಕ್ಷಿಣಕ್ಕಿರುವ ವ್ಯೂನ್ಸ್‌ಡಾರ್ಫ್‌ನ 'ಅರ್ಧಚಂದ್ರ ಶಿಬಿರ'ದಲ್ಲಿ ಬ್ರಿಟಿಷ್ ಹಾಗೂ ಫ್ರೆಂಚ್ ವಸಾಹತುಗಳ ಯುದ್ಧಕೈದಿಗಳನ್ನು ಇರಿಸಲಾಗಿತ್ತು. ಅವರನ್ನು ತಮ್ಮ ಆಳರಸರ ವಿರುದ್ಧ ತಿರುಗಿಸುವುದು ಜರ್ಮನಿಯ ಉದ್ದೇಶವಾಗಿತ್ತು. 1915ರಲ್ಲಿ ಅಲ್ಲಿ ಮರದ ಮಸೀದಿಯೊಂದನ್ನು ಕಟ್ಟಿಸಿದ್ದೂ 'ಹಿಂದೋಸ್ತಾನ್' ಎಂಬ ಪತ್ರಿಕೆಯನ್ನು ಹಂಚಿದ್ದೂ ಇದರ ಅಂಗವೇ. ಇದೇ ಅವಕಾಶವನ್ನು ಬಳಸಿಕೊಂಡು ವಿಲ್‌ಹೆಲ್ಮ್ ಡ್ಯೋಗೆನ್ ಯೋಜಿಸಿದ, ಕಾರ್ಲ್ ಸ್ಟುಂಪ್ಫ್ ಅಧ್ಯಕ್ಷತೆಯ ಧ್ವನಿಮುದ್ರಣ ಆಯೋಗವು 1915ರಿಂದ 1918ರವರೆಗೆ ಕೈದಿಗಳ ನುಡಿ ಮತ್ತು ಹಾಡುಗಳನ್ನು ಸುಮಾರು 1650 ತಟ್ಟೆಗಳಲ್ಲಿ ದಾಖಲಿಸಿತು. ಅವುಗಳಲ್ಲಿ ಒಂದು, 1916ರ ಡಿಸೆಂಬರ್ 11ರಂದು ಪಂಜಾಬಿನ ಫಿರೋಜ್‌ಪುರ ಪ್ರಾಂತದ ಮಾಲ್ ಸಿಂಗ್ ಎಂಬ ಸಿಪಾಯಿ ಆಡಿದ ಒಂದೂಕಾಲು ನಿಮಿಷದಷ್ಟು ಮಾತು.

ಈ ಪಠ್ಯದಲ್ಲಿ ಉತ್ತಮಪುರುಷವಿಲ್ಲ. ಒಬ್ಬ ಮನುಷ್ಯನಿದ್ದ, ಊರಿನಲ್ಲಿ ಬೆಣ್ಣೆ, ಹಾಲು ಉಂಡವನು, ಯುರೋಪಿನ ಯುದ್ಧಕ್ಕೆ ಬಂದ, ಜರ್ಮನರಿಗೆ ಸೆರೆಸಿಕ್ಕ, ಊರಿಗೆ ಮರಳಬಯಸುತ್ತಾನೆ ಎಂಬುದು ಅದರ ಸಾರ. ಆರಂಭದ ವಾಕ್ಯವು ಜನಪದ ಕಥೆಯ ಆರಂಭವೇ. ಕನ್ನಡದ ಅಜ್ಜಿಯೂ 'ಒಂದೂರಲ್ಲಿ ಒಬ್ಬ ಇದ್ದ' ಎಂದೇ ಕಥೆ ತೊಡಗುತ್ತಾಳೆ. ಆದರೆ ಜನಪದ ಕಥೆಯ ನಾಯಕ ಪರಸ್ಥಳದ ಕಷ್ಟಗಳನ್ನು ದಾಟಿ ಮನೆ ಸೇರುವುದು ವಾಡಿಕೆ. ಇಲ್ಲಿ ಮನೆ ಸೇರುವ ಭಾಗವು 'ದೇವರು ಕರುಣೆ ತೋರಿದರೆ' ಎಂಬ ಷರತ್ತಿನಲ್ಲಿಯೇ ನಿಂತಿದೆ. ಕಥನಪ್ರಕಾರವು ಕೇಳುವ ಮುಕ್ತಾಯವನ್ನು ಕೊಡಲು ನಿರೂಪಕನ ಬದುಕಿಗೆ ಸಾಧ್ಯವಿಲ್ಲ. ಪಠ್ಯದ ಅರ್ಥ ಹುಟ್ಟುವುದು ಈ ಕೊರತೆಯಿಂದ.

ಫಿಲಿಪ್ ಶೆಫ್ನರ್ ಅವರ 'ದಿ ಹಾಫ್‌ಮೂನ್ ಫೈಲ್ಸ್' (2007) ಸಾಕ್ಷ್ಯಚಿತ್ರದ ನಂತರ ಈ ಧ್ವನಿ ವ್ಯಾಪಕ ಗಮನ ಸೆಳೆಯಿತು. ಇದನ್ನು ಸಿಪಾಯಿಯ ಅಂತರಂಗದ ನೇರ ಅಭಿವ್ಯಕ್ತಿಯೆಂದು ಸ್ವೀಕರಿಸುವುದಕ್ಕೆ ಮುನ್ನ ಮುದ್ರಣದ ವಿಧಾನವನ್ನು ಪರಿಗಣಿಸಬೇಕಾಗುತ್ತದೆ. ಆಯೋಗದ ಕ್ರಮದಂತೆ ಪಠ್ಯವನ್ನು ಮೊದಲೇ ನಿರ್ಧರಿಸಿ ಬರೆದುಕೊಂಡು, ವಕ್ತೃವಿನಿಂದ ಅಭ್ಯಾಸ ಮಾಡಿಸಲಾಗುತ್ತಿತ್ತು. ಆಯೋಗಕ್ಕೆ ಬೇಕಾಗಿದ್ದದ್ದು ಭಾಷೆಯ ಮಾದರಿ; ಆಡಿದವನ ಅಳಲು ಅದಕ್ಕೆ ಗೌಣ. ಬ್ರಿಟಿಷ್ ಕೈದಿಗಳಿಂದ ಬೈಬಲ್ಲಿನ ದಾರಿತಪ್ಪಿದ ಮಗನ ಕಥೆಯನ್ನು ಹೇಳಿಸಲಾಯಿತು. ಮನೆಗೆ ಮರಳುವವನ ಕಥೆ ಸೆರೆಯಾಳಿನ ಬಾಯಲ್ಲಿ ಉಚ್ಚಾರಣೆಯ ಮಾದರಿಯಾಗಿ ಉಳಿಯಿತು.

ಹಾಗೆಂದು ಇದು ಕೇವಲ ಅಧಿಕಾರದ ಸೃಷ್ಟಿಯೆನ್ನಲಾಗದು. ಪಾತ್ರವೊಂದರ ಬಯಕೆಯನ್ನು ಹೇಳುವುದು ದೂರಾಗುವುದಿಲ್ಲ. ಕಾವಲಿನವರ ಎದುರಿನಲ್ಲಿ ಕಥೆಯ ಚೌಕಟ್ಟು ಒಂದು ಮರೆಯಾಗಿ ಒದಗಿರುವ ಸಾಧ್ಯತೆಯಿದೆ. ಜೊತೆಗೆ, ಸೆರೆಯಲ್ಲಿರುವವನನ್ನು ಊರಿನಲ್ಲಿ ಹಾಲು ಬೆಣ್ಣೆ ಉಂಡವನಿಂದ ಬೇರ್ಪಡಿಸಿರುವ ದೂರವನ್ನೂ ಪ್ರಥಮಪುರುಷವೇ ಸೂಚಿಸುತ್ತದೆ.

ಹತ್ತಿರದ ಜ಼ೇರೆನ್ಸ್‌ಡಾರ್ಫ್ ಸ್ಮಶಾನದಲ್ಲಿ 206 ಭಾರತೀಯರ ಸ್ಮರಣೆಯಿದೆ. ಊರು ಸೇರದ ಕಥೆಗಳು ಅಲ್ಲಿ ಮುಗಿದಿವೆ. ಮಾಲ್ ಸಿಂಗ್‌ನ ಧ್ವನಿ ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿಸಂಗ್ರಹಕ್ಕೆ ಸೇರಿದೆ. ಸಂಗ್ರಹಕಾರ್ಯವನ್ನೇ ಆಧರಿಸಿದ ಜಾನಪದ ಶಾಸ್ತ್ರವು ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳವಾದುದು: ನಿರಾಕರಿಸುವ ಸ್ವಾತಂತ್ರ್ಯವಿಲ್ಲದ ವಕ್ತೃವಿನಿಂದ ಪಡೆದ ಪಠ್ಯಕ್ಕೆ ಸಂಗ್ರಾಹಕನ ಋಣವೇನು? ಕನಿಷ್ಠಪಕ್ಷ, ಪಠ್ಯದೊಡನೆ ಅದನ್ನು ಆಡಿಸಿದ ಸನ್ನಿವೇಶವನ್ನೂ ದಾಖಲಿಸಿ ಓದುವುದು ಆ ಋಣದ ಮೊದಲ ಕಂತು.